ಹತ್ತಿಗೆ ಉಡಿ ತುಂಬಿದ್ದು

ಅದು ಕೊನೆಯ ಸಾಮಾನ್ಯ ದಿನವೆಂದು ಹೇಳುವಂಥ ಗುರುತು ಆ ದಿನದಲ್ಲಿ ಏನೂ ಇರಲಿಲ್ಲ. ಬೇಸಿಗೆ ರಜೆ. ಮಧ್ಯಾಹ್ನದ ಬಿಸಿಲಿಗೆ ನಮ್ಮ ಬೀದಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ನಮ್ಮ ಮನೆಯಲ್ಲಿ ನಡುಮನೆಯ ಕಲ್ಲುನೆಲ ಒಂದೇ ತಣ್ಣಗಿರುತ್ತಿದ್ದ ಜಾಗ. ಮಾಳಿಗೆಯ ಬೆಳಕಿಂಡಿಯಿಂದ ಒಂದು ಚೌಕ ಬಿಸಿಲು ನೆಲಕ್ಕೆ ಬಿದ್ದು, ಹೊತ್ತು ಇಳಿದ ಹಾಗೆ ದೇವರ ಮನೆಯ ಹೊಸ್ತಿಲ ಕಡೆಗೆ ಸರಿಯುತ್ತ ಹೋಗುತ್ತಿತ್ತು. ಅದರ ಜೊತೆ ನಾನೂ ವೈನಿಯೂ ಕೂತಲ್ಲೇ ಸರಿಯುತ್ತಿದ್ದೆವು. ವೈನಿ ಎಂದರೆ ನನ್ನ ಅಣ್ಣನ ಹೆಂಡತಿ, ಇಂದಿರಾ. ನಂದವರಂನಿಂದ ನಮ್ಮ ಆದೋನಿಯ ಮನೆಗೆ ಸೊಸೆಯಾಗಿ ಬಂದು ಮೂರು ಶ್ರಾವಣ ಕಳೆದಿದ್ದವು. ನನಗೆ ಹತ್ತೋ ಹನ್ನೊಂದೋ ವಯಸ್ಸು. ನಮ್ಮಿಬ್ಬರ ನಡುವೆ ಒಂದು ಬುಟ್ಟಿ ಹತ್ತಿ, ಎರಡು ಹಿತ್ತಾಳೆ ತಟ್ಟೆ, ಬೆರಳಿಗೆ ಹಚ್ಚಿಕೊಳ್ಳಲು ಒಂದು ಬಟ್ಟಲಲ್ಲಿ ಹಾಲು. ಹತ್ತಿಯಿಂದ ಕಾಳು ಬಿಡಿಸುವುದು, ಎಳೆ ಬಿಡಿಸುವುದು, ಹಾಲು ಹಚ್ಚಿದ ಬೆರಳಲ್ಲಿ ಬತ್ತಿ ಹೊಸೆಯುವುದು. ಕಾಳು ತಟ್ಟೆಗೆ ಬಿದ್ದಾಗ ಟಣ್ ಎಂದು ಒಂದು ಸಣ್ಣ ಸದ್ದಾಗುತ್ತಿತ್ತು. ಆ ಸದ್ದು ಕೇಳುವುದಕ್ಕಾಗಿಯೇ ನಾನು ಬೆಳಿಗ್ಗೆ ಏಳುತ್ತಿದ್ದೆ ಎಂದರೆ ಅದು ಹೆಚ್ಚು ಮಾಡಿ ಹೇಳಿದ್ದಲ್ಲ.

“ಪದ್ದೀ, ಕಣ್ಣು ಮುಚ್ಚಿಕೊಂಡು ಕಾಳು ತಗಿತಿಯೇನು, ನೋಡೂನು,” ಎಂದಳು ವೈನಿ.

“ತಗಿತೀನಿ.”

“ಮುಚ್ಚು ಮತ್ತ. ಸಂದಿನಾಗಿಂದ ನೋಡಬ್ಯಾಡ.”

ನಾನು ಕಣ್ಣು ಮುಚ್ಚಿ ಒಂದಾದ ಮೇಲೊಂದು ಕಾಳು ತೆಗೆದು ತಟ್ಟೆಗೆ ಬೀಳಿಸಿದೆ. ವೈನಿ ಕೆಲಸ ನಿಲ್ಲಿಸಿ ನೋಡುತ್ತಿದ್ದಳೆಂದು ಅವಳ ಬಳೆಗಳು ಸುಮ್ಮನಾದದ್ದರಿಂದ ತಿಳಿಯಿತು.

“ಈಕಿ ಬೆರಳಿಗೇ ಕಣ್ಣು ಅದಾವ್ರೀ ಅತ್ತಿ,” ಎಂದು ಅಡುಗೆಮನೆಯ ಕಡೆಗೆ ಕೂಗಿ ಹೇಳಿದಳು.

“ಅದಾವ, ಯಾರು ಇಲ್ಲಂದ್ರು?” ಅಮ್ಮ ಒಳಗಿಂದಲೇ ಅಂದಳು. “ಭಾಂಡಿ ತೊಳಿ ಅಂದ್ರ ಮಾತ್ರ ಆ ಕಣ್ಣು ಮುಚ್ಚತಾವ.”

ಸಂಜೆ ಅಣ್ಣ ಬಂದ. ಅವನು ಊರಿನ ಒಂದು ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಗುಮಾಸ್ತ. ಕಿವಿಯ ಮೇಲೆ, ಹುಬ್ಬಿನ ಮೇಲೆ ಹತ್ತಿಯ ನವಿರು ಕೂತಿರುತ್ತಿತ್ತು. ಅಮ್ಮ ಉಗ್ಗಾನಿ ಕಲಸಿದಳು. ನೆನೆಸಿ ಹಿಂಡಿದ ಮಂಡಕ್ಕಿಗೆ ಹಸಿಮೆಣಸಿನಕಾಯಿ ಒಗ್ಗರಣೆ ಬಿದ್ದಾಗ ಮನೆಯೆಲ್ಲ ಕೆಮ್ಮಿತು. ನಾನು ಗಡಿಬಿಡಿಯಲ್ಲಿ ತಿಂದು, ಕೈ ತೊಳೆದು ಮತ್ತೆ ತಟ್ಟೆಯ ಮುಂದೆ ಹೋಗಿ ಕೂತೆ. ಅಣ್ಣ ನಕ್ಕ. ದೀಪ ಹಚ್ಚುವವರೆಗೂ ಹೊಸೆದೆ. ಅಷ್ಟೇ ಆ ದಿನ.

ಆ ಹತ್ತಿಯ ವಿಷಯ ಸ್ವಲ್ಪ ಹೇಳಬೇಕು. ವೈನಿ ಲಕ್ಷಬತ್ತಿಯ ವ್ರತ ಹಿಡಿದಿದ್ದಳು. ಒಂದು ಲಕ್ಷ ಬತ್ತಿಯನ್ನು ಮನೆಯಲ್ಲೇ ಹೊಸೆದು, ತುಪ್ಪದಲ್ಲಿ ನೆನೆಸಿ, ಕಾರ್ತಿಕದಲ್ಲಿ ದೇವರ ಮುಂದೆ ಉರಿಸಿ, ಉದ್ಯಾಪನೆ ಮಾಡಿದರೆ ವ್ರತ ಮುಗಿದಂತೆ. ಎಷ್ಟು ವರ್ಷ ಹಿಡಿದರೂ ಹಿಡಿಯಬಹುದು, ನಡುವೆ ಬಿಡುವ ಹಾಗಿಲ್ಲ. ಹಿಡಿಸಿದವಳು ಅಮ್ಮ. ಮೂರು ವರ್ಷವಾದರೂ ತೊಟ್ಟಿಲು ಕಟ್ಟುವ ಸುದ್ದಿಯಿಲ್ಲ ಎಂಬುದು ಅಮ್ಮನ ಚಿಂತೆ. ಅದನ್ನು ಅವಳು ದೇವರಿಗೆ ಹೇಳುವಷ್ಟೇ ಗಟ್ಟಿಯಾಗಿ ಮನೆಯವರಿಗೂ ಕೇಳಿಸುತ್ತಿದ್ದಳು. ಊರ ತುಂಬ ಹತ್ತಿಯ ಗಾಡಿಗಳು, ಸಂತೆಯ ಬೀದಿಯಲ್ಲಿ ಕಾಲಿಗೆ ತೊಡರುವಷ್ಟು ಹತ್ತಿ. ಆದರೆ ಫ್ಯಾಕ್ಟರಿಯ ಹತ್ತಿ ನಮ್ಮ ದೇವರಿಗೆ ನಡೆಯುತ್ತಿರಲಿಲ್ಲ. ಕಾಳು ಬಿಡಿಸುವ ಯಂತ್ರದ ಉರುಳೆಗೆ ತೊಗಲು ಸುತ್ತಿರುತ್ತಾರೆ, ತೊಗಲು ತಾಗಿದ್ದು ಮಡಿಗೆ ಬರುವುದಿಲ್ಲ. ಆದ್ದರಿಂದ ಪೆದ್ದಹರಿವಾಣದ ರೈತನೊಬ್ಬನಿಂದ ಗಿಡದಿಂದ ಬಿಡಿಸಿದ ಹಾಗೇ ಹತ್ತಿ ತರಿಸಿ, ಸ್ನಾನ ಮಾಡಿ, ಕೈಯಿಂದಲೇ ಕಾಳು ತೆಗೆಯಬೇಕು. ವ್ರತದ ಮೊದಲಲ್ಲಿ ಅಣ್ಣ ಇದೊಂದೂ ಯೋಚಿಸದೆ, ಹೆಂಡತಿಯ ಕಷ್ಟ ಕಡಿಮೆಯಾಗಲೆಂದು ಫ್ಯಾಕ್ಟರಿಯಿಂದ ಒಂದು ಚೀಲ ಬೆಳ್ಳಗಿನ ಹತ್ತಿ ಹೊತ್ತು ತಂದಿದ್ದ. ಅಮ್ಮ ಅದನ್ನು ಅಂಗಳದಿಂದ ಒಳಗೆ ಬರಗೊಡಲಿಲ್ಲ. ಕೊನೆಗೆ ಅದು ನಮ್ಮೆಲ್ಲರ ತಲೆದಿಂಬಾಯಿತು.

“ಊರೆಲ್ಲ ಹತ್ತಿ, ನಮ್ಮ ಮನ್ಯಾಗ ಮಾತ್ರ ಹತ್ತಿಗೆ ಬರ,” ಎಂದು ಅಣ್ಣ ಹಲವು ದಿನ ಆಡಿಕೊಂಡ.

ಸಂಕಲ್ಪ ಹೇಳಿಸುವ ದಿನ ನಾನು ವೈನಿಯ ಪಕ್ಕದಲ್ಲಿ ಬಂದು ಕೂತು ಏಳಲೇ ಇಲ್ಲ. ಅದಾಗಲೇ ಒಂದು ತಿಂಗಳಿಂದ ನನಗೆ ಹತ್ತಿ ಬಿಟ್ಟು ಬೇರೇನೂ ಬೇಕಿರಲಿಲ್ಲ. ಊಟಕ್ಕೆ ಕರೆದರೆ ಕೇಳುತ್ತಿರಲಿಲ್ಲ. ಶಾಲೆಯ ತೆಲುಗು ಪುಸ್ತಕದ ಅಂಚಿನಲ್ಲೆಲ್ಲ ಹತ್ತಿಕಾಯಿಯ ಎಸಳು ಬರೆದಿದ್ದೆ. ಅಪ್ಪ ಮಿತಭಾಷಿ. ತಾಲ್ಲೂಕು ಕಚೇರಿಯ ಕೆಲಸ ಮುಗಿಸಿ ಬಂದು ಮಡಿಯುಟ್ಟು ಮಂತ್ರ ಹೇಳಿಸುತ್ತಿದ್ದವರು ನನ್ನ ಕಡೆ ನೋಡಿ, ವೈನಿಯ ಹೆಸರಿನ ಜೊತೆ ನನ್ನ ಹೆಸರನ್ನೂ ಸೇರಿಸಿದರು. ಅಮ್ಮ ಆಗಲೇ ಬೇಡವೆಂದಳು.

“ಈಕಿ ಯಾವುದನ್ನು ಮುಗಿಸ್ಯಾಳಂತ ಹೆಸರು ಸೇರಸ್ತೀರಿ? ನಾಳೆ ಇನ್ನೊಂದು ಹಿಡಿತಾಳ.”

ಅಮ್ಮ ಹೇಳಿದ್ದು ಸುಳ್ಳಲ್ಲ. ಹತ್ತಿಗಿಂತ ಮೊದಲು ನನಗೆ ಬೀಗಗಳು ಇದ್ದವು. ಮಾರ್ಕೆಟ್ಟಿನ ಹತ್ತಿರ ಬೇವಿನ ಮರದ ಕೆಳಗೆ ಬೀಗ ರಿಪೇರಿ ಮಾಡುವ ಒಬ್ಬ ಮುದುಕ ಕೂರುತ್ತಿದ್ದ. ಎಲ್ಲರೂ ಅವನನ್ನು ಚಾಚಾ ಎನ್ನುತ್ತಿದ್ದರು. ನಾನು ಶಾಲೆ ಬಿಟ್ಟ ಮೇಲೆ ಅವನ ಗೋಣಿಚೀಲದ ಅಂಚಿನಲ್ಲಿ ಕೂತು ಬೀಗದ ಹೊಟ್ಟೆಯೊಳಗಿನ ಸ್ಪ್ರಿಂಗು, ಹಲ್ಲು, ನಾಲಗೆ ನೋಡುತ್ತಿದ್ದೆ. ಅವನು ನನಗಾಗಿ ಕೆಟ್ಟ ಬೀಗಗಳನ್ನು ಎತ್ತಿಡುತ್ತಿದ್ದ. ಒಂದು ದಿನ ಬೀಗ ಸಾಕಾಯಿತು. ಸಾಕಾಯಿತು ಎಂಬ ಮಾತೂ ಸರಿಯಲ್ಲ, ಸಾಕಾಗುವುದಕ್ಕೆ ಒಂದು ತೃಪ್ತಿಯಿರುತ್ತದೆ. ಇದು ನೀರು ಬರುತ್ತಿದ್ದ ನಳದಲ್ಲಿ ನೀರು ನಿಂತ ಹಾಗೆ. ಚಾಚಾ ಆಮೇಲೂ ನನಗಾಗಿ ಬೀಗ ಎತ್ತಿಡುತ್ತಿದ್ದಿರಬೇಕು. ಅವನಿಗೆ ಮುಖ ತೋರಿಸಲಾರದೆ ನಾನು ಮಾರ್ಕೆಟ್ಟಿನ ದಾರಿ ಬಿಟ್ಟು, ಕೋಟೆಯ ಹಿಂದಿನ ಸುತ್ತುದಾರಿಯಲ್ಲಿ ಶಾಲೆಗೆ ಹೋಗತೊಡಗಿದೆ. ಬೀಗಗಳು ಒಂದು ಡಬ್ಬಿಯಲ್ಲಿ, ಡಬ್ಬಿ ನನ್ನ ಹಾಸಿಗೆಯ ಹಿಂದೆ. ಅದಕ್ಕೂ ಮೊದಲು ಅಪ್ಪ ಸ್ಟೇಷನ್ನಿನ ಗೇಟಿನಲ್ಲಿ ನಾಚಿಕೆ ಬಿಟ್ಟು ಕೇಳಿ ತಂದುಕೊಡುತ್ತಿದ್ದ ಹಳೆಯ ರೈಲು ಟಿಕೆಟ್ಟುಗಳಿಗೂ ಇದೇ ಆಗಿತ್ತು. ನನ್ನ ಪ್ರತಿಯೊಂದು ಹುಚ್ಚಿನ ಹಿಂದೆ ಅದಕ್ಕಾಗಿ ಕಷ್ಟಪಟ್ಟ ಒಬ್ಬರು ಉಳಿಯುತ್ತಿದ್ದರು. ಹುಚ್ಚು ಹೋದ ಮೇಲೆ ನಾನು ಅವರಿಂದ ತಪ್ಪಿಸಿಕೊಂಡು ಓಡಾಡುತ್ತಿದ್ದೆ.

ಈ ಸಲ ಹಾಗಾಗುವುದಿಲ್ಲ ಎಂದು ನಾನು ನಂಬಿದ್ದೆ. ಪ್ರತಿ ಸಲವೂ ಹಾಗೇ ನಂಬುತ್ತಿದ್ದೆ. ಆದರೆ ಆ ಸಾಮಾನ್ಯ ದಿನದ ಮಾರನೆಯ ಬೆಳಿಗ್ಗೆ ಸ್ನಾನ ಮಾಡಿ ತಟ್ಟೆಯ ಮುಂದೆ ಕೂತಾಗ ಹತ್ತಿ ಬರೀ ಹತ್ತಿಯಾಗಿತ್ತು. ಕಾಳು ತಟ್ಟೆಗೆ ಬಿತ್ತು, ಸದ್ದಾಯಿತು, ಸದ್ದಿನೊಳಗೆ ಏನೂ ಇರಲಿಲ್ಲ. ಜ್ವರವೇನೋ ಅಂದುಕೊಂಡು ಹಣೆ ಮುಟ್ಟಿ ನೋಡಿಕೊಂಡೆ. ಎರಡನೆಯ ದಿನವೂ ಹಾಗೇ. ಮೂರನೆಯ ದಿನ ಬೆರಳುಗಳು ಹತ್ತಿಯನ್ನು ಹಿಡಿದುಕೊಂಡು ಸುಮ್ಮನೆ ನಿಂತುಬಿಟ್ಟವು. ಸೋಮಾರಿತನ ನನಗೆ ಗೊತ್ತಿತ್ತು, ಭಾಂಡಿ ತೊಳೆಯುವಾಗ ಬರುತ್ತಿದ್ದದ್ದು ಅದೇ. ಇದು ಅದಲ್ಲ. ಕೈಗೆ ಹೇಳಿದರೆ ಕೈಗೆ ಕೇಳಿಸುತ್ತಿರಲಿಲ್ಲ. ಎದುರಿಗೆ ವೈನಿ ತನ್ನ ಪಾಡಿಗೆ ಹೊಸೆಯುತ್ತ, ನಂದವರಂನ ಯಾವುದೋ ಮದುವೆಯಲ್ಲಿ ಬೀಗರು ಮುನಿಸಿಕೊಂಡ ಕತೆ ಹೇಳುತ್ತಿದ್ದಳು. ನಾನು ಕೇಳುತ್ತಿರಲಿಲ್ಲ. ಸಂಕಲ್ಪದಲ್ಲಿ ನನ್ನ ಹೆಸರು ಇದೆ, ಬತ್ತಿ ಕಡಿಮೆ ಬಿದ್ದರೆ ವ್ರತ ಮುರಿಯುತ್ತದೆ, ವ್ರತ ಮುರಿದರೆ ಆ ಕೂಸು ಬರುವುದಿಲ್ಲ, ಇದಿಷ್ಟೇ ನನ್ನ ತಲೆಯಲ್ಲಿ ತಿರುಗುತ್ತಿತ್ತು. ಅಮ್ಮ ಹಾಗೆಂದು ನನಗೆ ನೇರವಾಗಿ ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ತಲೆನೋವು, ಕಾಲುನೋವು ಎಂದು ಕೆಲವು ದಿನ ಕಳೆದೆ. ಆಮೇಲೆ ಹಿತ್ತಲ ಕಡೆಯ ಕೋಣೆಯಲ್ಲಿ ಒಬ್ಬಳೇ ಕೂತು ಕಾಳು ತೆಗೆಯುತ್ತೇನೆ, ಅಲ್ಲಿ ಗಾಳಿ ಚೆನ್ನಾಗಿದೆ ಎಂದೆ. ವೈನಿ ನನ್ನ ಮುಖ ನೋಡಿ ಹೂಂ ಅಂದಳು. ಅಲ್ಲಿ ನನ್ನ ತಲೆದಿಂಬಿನ ಹೊಲಿಗೆ ಬಿಚ್ಚಿ, ಫ್ಯಾಕ್ಟರಿಯ ಹತ್ತಿಯನ್ನು ಹಿಡಿ ಹಿಡಿಯಾಗಿ ತೆಗೆದು ತಟ್ಟೆಗೆ ತುಂಬಿದೆ. ಕಾಳಿಲ್ಲದ, ಬೆಳ್ಳಗಿನ, ಉಬ್ಬಿದ ಹತ್ತಿ. ಸಂಜೆ ತಟ್ಟೆಯನ್ನು ವೈನಿಯ ಮುಂದೆ ಇಟ್ಟೆ. ಕಾಳು ತೆಗೆಯದ ನನ್ನ ಪಾಲಿನ ಹತ್ತಿ ಕೋಣೆಯ ಮೂಲೆಯ ಬುಟ್ಟಿಯಲ್ಲಿ, ಹಳೆಯ ಸೀರೆಯ ಕೆಳಗೆ. ವೈನಿ ಒಂದು ಚಿಟಿಕೆ ಎತ್ತಿ ಬೆರಳಲ್ಲಿ ತಿಕ್ಕಿ ನೋಡಿದಳು. ಅದನ್ನು ಬೇರೆ ಒಂದು ಡಬ್ಬಿಗೆ ಹಾಕಿದಳು. ಮರುದಿನವೂ ನಾನು ತಂದಿಟ್ಟೆ, ಅವಳು ಅದೇ ಡಬ್ಬಿಗೆ ಹಾಕಿದಳು. ಹೀಗೆ ಒಂದು ವಾರ ನಡೆದಿರಬೇಕು. ನನ್ನ ದಿಂಬು ತೆಳ್ಳಗಾಗುತ್ತ ಹೋಯಿತು.

ಕಂಡುಹಿಡಿದವಳು ಅಮ್ಮ. ಕೋಣೆ ಗುಡಿಸಲು ಹೋದವಳು ಬುಟ್ಟಿಯ ಮೇಲಿನ ಸೀರೆ ಎತ್ತಿದಳು, ಪಕ್ಕದಲ್ಲಿ ಹೊಲಿಗೆ ಬಿಚ್ಚಿದ ದಿಂಬು ನೋಡಿದಳು. ಎರಡನ್ನೂ ಎತ್ತಿಕೊಂಡು ನಡುಮನೆಗೆ ಬಂದಳು. ಅಣ್ಣ ಅವತ್ತು ಮನೆಯಲ್ಲೇ ಇದ್ದ.

“ಇಂದಿರಾ, ಎಲ್ಲಾ ಹೋತು. ತೊಗಲಿನ ಹತ್ತಿ ಕೂಡಸ್ಯಾಳ ಈಕಿ. ಯಾವ ಬತ್ತಿ ಮಡಿದು, ಯಾವುದು ಮೈಲಗಿದು, ಇನ್ನ ಹ್ಯಾಂಗ ಆರಸ್ತೀ?”

“ಕೂಡಿಲ್ರೀ ಅತ್ತಿ.”

“ಕೂಡಿಲ್ಲಂದ್ರ? ನಿನಗ ಹ್ಯಾಂಗ ಗೊತ್ತು?”

ವೈನಿ ಎದ್ದು ಆ ಡಬ್ಬಿ ತಂದು ಮುಚ್ಚಳ ತೆಗೆದಳು. ದಿಂಬಿನ ಹತ್ತಿಯೆಲ್ಲ ಅದರಲ್ಲೇ ಇತ್ತು.

“ಕೈಲೆ ಬಿಡಿಸಿದ್ದು ಎಸಳಿನ ಹಾಂಗ ಇರತೈತ್ರಿ, ಕಾಳು ಕುಂತಿದ್ದ ಕುಳಿ ಗೊತ್ತಾಗತೈತಿ. ಇದು ಹಿಂಜಿದ್ದು, ನಡುವ ಎಲಿಪುಡಿ ಐತಿ. ಮೊದಲನೇ ದಿನಾನೇ ನೋಡೀನಿ. ಒಂದು ಎಳಿನೂ ಹೊಸೆದಿಲ್ಲ.”

ಅಮ್ಮನ ಸಿಟ್ಟು ಇಳಿಯಲು ಇದು ಸಾಕಾಗಲಿಲ್ಲ, ಇಳಿಯುವ ಬದಲು ನನ್ನ ಕಡೆ ತಿರುಗಿತು.

“ಬ್ಯಾಡಾಗಿದ್ರ ಬ್ಯಾಡ ಅನಬೇಕಿತ್ತು. ನಿನ್ನ ಹೆಸರಿಲೆ ಸಂಕಲ್ಪ ಆಗೇತಿ. ನಿನ್ನ ಪಾಲು ಮುಗಿಸಿ ಏಳು. ಕೀಲಿ ಬಿಟ್ಟಿ, ಟಿಕೀಟು ಬಿಟ್ಟಿ, ಕೇಳಿದೆವೇನು? ಇದು ಆಟ ಅಲ್ಲ. ಆಕಿ ಹೊಟ್ಟಿ ತಣ್ಣಗಾಗಲಿ ಅಂತ ಹಿಡಿದದ್ದು.”

“ಅಮ್ಮಾ, ಬಿಡು ಅತ್ತ,” ಎಂದ ಅಣ್ಣ. “ನನ್ನ ದಿಂಬು ಆದ್ರೂ ಉಳಿದೈತೇನು ನೋಡಿ ಬರ್ತೀನಿ.”

ಅವನ ಮಾತಿಗೆ ಯಾರೂ ನಗಲಿಲ್ಲ. ನಾನು ತಟ್ಟೆ ಎಳೆದುಕೊಂಡು ಕೂತೆ. ಹತ್ತಿ ಕೈಗೆ ತೆಗೆದುಕೊಂಡೆ. ಬೆರಳುಗಳು ಮತ್ತೆ ನಿಂತವು. ಅಳು ಬರಲಿಲ್ಲ. ನನಗೆ ಅಳು ಬರಬೇಕಾದಾಗ ಬರುತ್ತಿರಲಿಲ್ಲ, ಅದೂ ಮನೆಯಲ್ಲಿ ಒಂದು ದೂರಾಗಿತ್ತು. ವೈನಿ ಬಂದು ನನ್ನ ಕೈಯಿಂದ ಹತ್ತಿ ಬಿಡಿಸಿಕೊಂಡಳು.

“ಅತ್ತಿ, ಈಕಿ ಹತ್ತಿ ಹುಚ್ಚು ಹೋಗೇತ್ರಿ. ಇರೋದನ್ನ ಬಚ್ಚಿಟ್ಟಾಕಿ ಅಲ್ಲ, ಹೋಗಿದ್ದನ್ನ ಬಚ್ಚಿಟ್ಟಾಳ.”

“ಹೋಗೇತಿ ಅಂದ್ರ? ಮುಗಿಸದ ವ್ರತಕ್ಕ ಉದ್ಯಾಪನಿ ಇಲ್ಲ ತಿಳಿ. ಯಾವ ಶಾಸ್ತ್ರದಾಗೂ ಇಲ್ಲ.”

“ಉದ್ಯಾಪನಿ ಬ್ಯಾಡ್ರಿ. ಉಡಿ ತುಂಬಿ ಕಳಸ್ತೀನಿ.”

“ಯಾರಿಗೆ?”

“ಹತ್ತಿಗೆ.”

ಅಮ್ಮ ಕೈಯಲ್ಲಿದ್ದ ದಿಂಬನ್ನು ನೆಲಕ್ಕಿಟ್ಟಳು. ಆಮೇಲೆ, “ನಂದವರಂ ಕಡಿ ಹಿಂಗೂ ಮಾಡತಾರೇನು?” ಎಂದಳು.

“ಮಾಡಂಗಿಲ್ರಿ. ನಾ ಮಾಡತೀನಿ.”

ನಮ್ಮ ಕಡೆ ಮನೆಯ ಮಗಳು ಗಂಡನ ಮನೆಗೆ ಹೊರಟಾಗ ಅವಳ ಸೆರಗಿಗೆ ಅಕ್ಕಿ, ಅರಿಶಿನ ಕೊಂಬು, ಅಡಿಕೆ, ಕೊಬ್ಬರಿ ಬಟ್ಟಲು ಹಾಕಿ ಉಡಿ ತುಂಬುತ್ತಾರೆ. ತುಂಬಿಸಿಕೊಂಡವಳು ಅದನ್ನು ಚೆಲ್ಲದೆ ಒಯ್ಯಬೇಕು. ಮರುದಿನ ಬೆಳಿಗ್ಗೆ ವೈನಿ ನನಗೆ ಎಣ್ಣೆ ಹಚ್ಚಿ ನೀರು ಹಾಕಿ, ಹಬ್ಬದ ಲಂಗ ಉಡಿಸಿದಳು. ದೇವರ ಮನೆಯ ಮುಂದೆ ನಿಲ್ಲಿಸಿ, ಲಂಗವನ್ನು ಮಡಿಲಾಗಿ ಹಿಡಿಸಿದಳು. ಬುಟ್ಟಿಯಲ್ಲಿ ಉಳಿದ ನನ್ನ ಪಾಲಿನ ಹತ್ತಿಯನ್ನೆಲ್ಲ ಮೊದಲು ಅದರಲ್ಲಿ ಹಾಕಿದಳು. ಅದರ ಮೇಲೆ ಅಕ್ಕಿ, ಕೊಬ್ಬರಿ, ಬೆಲ್ಲದ ಅಚ್ಚು, ಎಲೆ ಅಡಿಕೆ. ಹತ್ತಿಗೇ ಅರಿಶಿನ ಕುಂಕುಮ ಹಚ್ಚಿದಳು. ಬೆಳ್ಳಗಿನ ಹತ್ತಿಯ ಮೇಲೆ ಕುಂಕುಮ ಹರಡಿಕೊಂಡಿತು. ಇದನ್ನೆಲ್ಲ ಅವಳು ನಗದೆ ಮಾಡಿದಳು, ಆಟದಂತೆ ಮಾಡಲಿಲ್ಲ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಹೊರಗೆ ಬಂದು, ನನ್ನ ಮಡಿಲಿಗೆ ಒಂದು ಹಿಡಿ ಅಕ್ಕಿ ಹಾಕಿದಳು.

“ನಾ ನಂದವರಂ ಬಿಟ್ಟು ಬಂದೆ,” ಎಂದಳು ವೈನಿ, ನನ್ನ ಲಂಗದ ಅಂಚು ಸರಿಮಾಡುತ್ತ. “ನಂದವರಂಗೆ ದ್ರೋಹ ಮಾಡಿದೆನೇನು? ಇಲ್ಲ. ಯಾಕಂದ್ರ ಉಡಿ ತುಂಬಿ ಕಳಿಸ್ಯಾರ. ಉಡಿ ತುಂಬಿಸಿಕೊಂಡು ಹೋದಾಕಿ ತಿರುಗಿ ತವರಿಗಿ ಬರತಾಳ, ಕಟ್ಟಿಮ್ಯಾಲೆ ಕುಂತು ಮಾತಾಡತಾಳ. ಹೇಳದ ಓಡಿಹೋದಾಕಿ ಆ ಬೀದಿ ತುಳಿಯಂಗಿಲ್ಲ. ನೀ ಹತ್ತಿ ಬಿಟ್ಟಿ, ಛಲೋ ಆತು. ಹದಿನೈದು ದಿನ ಆತು, ನನ್ನ ಯಾಕ ಬಿಟ್ಟಿ?”

ಹತ್ತಿ ಹೋದರೆ ವೈನಿಯೂ ಹೋದಂತೆ ಎಂದು ನಾನು ತಿಳಿದಿದ್ದೆ. ಹತ್ತಿಯಿಲ್ಲದೆಯೂ ಆ ಬಿಸಿಲಿನ ಚೌಕದ ಪಕ್ಕ ಕೂರಬಹುದೆಂಬುದು ನನ್ನ ತಲೆಗೆ ಹೊಳೆದಿರಲಿಲ್ಲ.

ಹತ್ತಿ ಹೋದದ್ದು ಪಕ್ಕದ ಮನೆಯ ನೀಲಮ್ಮನಿಗೆ. ಅವರು ಶೈವರು, ಹತ್ತಿಯ ವ್ಯಾಪಾರಸ್ಥರು. ನೀಲಮ್ಮ ಅಂಗಳದಲ್ಲಿ ಹಪ್ಪಳ ಒಣಹಾಕುತ್ತಿದ್ದರು. ನಾನು ಮಡಿಲು ಹಿಡಿದುಕೊಂಡು, ವೈನಿ ನನ್ನ ಹಿಂದೆ, ಇಬ್ಬರೂ ಒಳಗೆ ಹೋದೆವು.

“ಏಂ ಪದ್ದಮ್ಮಾ, ಉಡಿ ತುಂಬಿಸ್ಕೊಂಡು ಯಾವೂರಿಗೆ ಹೊಂಟಿ? ಪೆಳ್ಳಿ ಆತೇನು, ನಮಗ ಮದುವಿ ಊಟಾನೇ ಹಾಕಲಿಲ್ಲ.”

“ನಾನಲ್ಲರಿ,” ಎಂದೆ. “ಹತ್ತಿ ಹೊಂಟೈತಿ. ನಿಮ್ಮ ಮನಿಗೆ.”

“ಹತ್ತಿ ವ್ಯಾಪಾರದವರ ಮನಿಗೆ ಹತ್ತಿ ತಂದೀಯ? ನಮ್ಮ ಗೋದಾಮಿನಾಗ ಕಾಲಿಡಾಕ ಜಾಗ ಇಲ್ಲ. ನಮ್ಮ ಯಜಮಾನ್ರು ನೋಡಿದ್ರ ರೇಟು ಕೇಳತಾರ.” ನಕ್ಕರೂ ನೀಲಮ್ಮ ಕೈಯ ಹಿಟ್ಟು ತೊಳೆದು ಬಂದು ಸೆರಗು ಒಡ್ಡಿದರು. “ಹಾಕು ತಾಯಿ. ಬಂದ ಉಡಿ ಬ್ಯಾಡ ಅನಬಾರದು. ಕಾಳು ನಾ ತಗಿತೀನಿ, ಬಸವಣ್ಣನ ಗುಡಿಗೆ ಬತ್ತಿ ಆಗತಾವ.”

ಹತ್ತಿ ನನ್ನ ಮಡಿಲಿಂದ ಅವರ ಸೆರಗಿಗೆ ಬಿತ್ತು. ಎದೆಯ ಭಾರ ಇಳಿಯಿತು ಎಂದು ಬರೆದರೆ ಚೆಂದ ಕಾಣುತ್ತದೆ. ಆಗ ನನಗೆ ಅನ್ನಿಸಿದ್ದು ಮಾತ್ರ ಮಡಿಲು ಹಗುರಾಯಿತು, ಹಸಿವಾಗುತ್ತಿದೆ ಎಂದು. ಮನೆಗೆ ಬಂದು ಎರಡು ಸಲ ಅನ್ನ ಹಾಕಿಸಿಕೊಂಡು ತಿಂದೆ.

ಆ ಸಂಜೆಯೇ ವೈನಿ ಬೀಗದ ಡಬ್ಬಿ ಎಲ್ಲಿದೆ ಎಂದು ಕೇಳಿದಳು. ನಾನು ಹೇಳಿರಲಿಲ್ಲ, ಅವಳಿಗೆ ಗೊತ್ತಿತ್ತು. ಬೀಗಗಳಿಗೂ ಕುಂಕುಮ ಹಚ್ಚಿ ಮಡಿಲಿಗೆ ಹಾಕಿ, ಮಾರ್ಕೆಟ್ಟಿನ ದಾರಿಯಲ್ಲೇ ಕರೆದುಕೊಂಡು ಹೋದಳು. ಸೊಸೆಯಾಗಿ ಬಂದ ಮೇಲೆ ಅವಳು ಗುಡಿಗೆ ಬಿಟ್ಟು ಬೇರೆ ಕಡೆ ಹಾಗೆ ನಡೆದು ಹೋದದ್ದು ಅದೇ ಮೊದಲಿರಬೇಕು. ಚಾಚಾ ಯಾರದೋ ಟ್ರಂಕಿನ ಬೀಗ ಬಿಚ್ಚುತ್ತಿದ್ದ. ನನ್ನನ್ನು ನೋಡಿ ಕನ್ನಡಕ ಹಣೆಗೆ ಏರಿಸಿದ.

“ಅರೇ ಬೇಟಿ, ಎಷ್ಟು ದಿನ ಆತು. ನೀ ಬಿಮಾರ್ ಬಿದ್ದೀ ಅಂದ್ಕೊಂಡಿದ್ದೆ. ನಿಮ್ಮ ಮನಿ ತನ ಬಂದು ಕೇಳಾಕ ಸಂಕೋಚ.”

ವೈನಿ ನನ್ನ ಬೆನ್ನಿಗೆ ಕೈ ಮುಟ್ಟಿಸಿದಳು. ಬೀಗಗಳನ್ನು ಗೋಣಿಚೀಲದ ಮೇಲೆ ಸುರಿದೆ, ಅಕ್ಕಿ ಸಮೇತ. ಅವನು ಒಂದು ಬೀಗ ಎತ್ತಿ, ಅದರ ಮೇಲಿನ ಕುಂಕುಮ ನೋಡಿ, ಒರೆಸಲೋ ಬೇಡವೋ ಎಂದು ಯೋಚಿಸಿದವನಂತೆ ಹಾಗೇ ಪಕ್ಕಕ್ಕಿಟ್ಟ.

“ಬ್ಯಾಡಾತೇನು?”

“ಹೂಂ,” ಎಂದೆ.

“ಆಗಲಿ. ಈಗ ಏನು?”

ನಾನು ಇನ್ನೂ ಏನೂ ಇಲ್ಲ ಎಂದೆ. ಬಂದಾಗ ಹೇಳು ಎಂದ. ಅವನು ಸಿಟ್ಟಾಗಿರಬಹುದೆಂದು ನಾನು ಅಷ್ಟು ತಿಂಗಳು ಸುತ್ತುದಾರಿ ನಡೆದಿದ್ದೆ. ಅವನು ನನಗೆ ಹುಷಾರಿಲ್ಲವೆಂದು ತಿಳಿದು ಕಾದಿದ್ದ. ರಜೆ ಮುಗಿದು ಶಾಲೆ ತೆರೆದಾಗ ಮಾರ್ಕೆಟ್ಟಿನ ದಾರಿಯಲ್ಲೇ ಹೋದೆ.

ವೈನಿ ಉಳಿದ ಬತ್ತಿಗಳನ್ನು ಒಬ್ಬಳೇ ಹೊಸೆದಳು. ಎಷ್ಟು ತಿಂಗಳು ಹೆಚ್ಚಿಗೆ ಹಿಡಿಯಿತೋ ನೆನಪಿಲ್ಲ, ನಡುವೆ ಒಂದು ಕಾರ್ತಿಕ ಬಂದು ಹೋಯಿತು. ನಾನು ಮತ್ತೆ ನಡುಮನೆಗೆ ಬಂದು ಅವಳೆದುರು ಕೂರುತ್ತಿದ್ದೆ. ಆ ಹೊತ್ತಿಗೆ ನನಗೆ ಆಸ್ಪರಿ ಕಡೆಯ ಹೊಲಗಳಿಂದ ಬಂದ ಬಣ್ಣದ ಕಲ್ಲುಗಳ ಹುಚ್ಚು ಹಿಡಿದಿತ್ತು. ಅವಳು ಹೊಸೆಯುತ್ತಿದ್ದಳು, ನಾನು ಕಲ್ಲುಗಳನ್ನು ಬಿಸಿಲಿನ ಚೌಕದ ಅಂಚಿಗೆ ಜೋಡಿಸಿ ಒಂದೊಂದರ ವಿಷಯ ಹೇಳುತ್ತಿದ್ದೆ. ಅವಳಿಗೆ ಕಲ್ಲುಗಳಲ್ಲಿ ಏನೇನೂ ಆಸಕ್ತಿಯಿರಲಿಲ್ಲ, ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ. ಹೇಳು ಹೇಳು, ಕೈ ಓಡತಾವ ಎನ್ನುತ್ತಿದ್ದಳು. ಉದ್ಯಾಪನೆಯ ದಿನ ಅಪ್ಪ ಮಂತ್ರ ಹೇಳಿಸುವಾಗ ಸ್ವಲ್ಪ ತಡೆದರು.

“ಪದ್ದಿ ಹೆಸರು ಹೇಳಲೋ, ಬಿಡಲೋ?”

“ಹೇಳ್ರಿ ಮಾವಾರ,” ಎಂದಳು ವೈನಿ. “ಆಕಿ ಹೊಸೆದಷ್ಟು ಆಕೀದು ಐತಿ.”

ಬತ್ತಿಗಳು ಉರಿದವು. ತುಪ್ಪದ ಹೊಗೆಯಿಂದ ದೇವರ ಮನೆಯ ತೊಲೆ ಕಪ್ಪಾಯಿತು. ಎಷ್ಟೋ ವರ್ಷ ಸುಣ್ಣ ಹೊಡೆದರೂ ಆ ಕಪ್ಪು ಹೋಗಲಿಲ್ಲ.

ಕೂಸು ಆಗಲಿಲ್ಲ. ಅಣ್ಣ ವೈನಿ ಇಬ್ಬರೇ ಉಳಿದರು. ನಾನು ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಾಗ ಒಂದು ಮಧ್ಯಾಹ್ನ, ಅವಳು ಅಕ್ಕಿ ಆರಿಸುತ್ತಿದ್ದಾಗ, ಅಷ್ಟು ವರ್ಷ ಒಳಗಿಟ್ಟುಕೊಂಡಿದ್ದದ್ದನ್ನು ಕೇಳಿಬಿಟ್ಟೆ. ಅವಳು ಮೊರದಿಂದ ತಲೆ ಎತ್ತಲಿಲ್ಲ.

“ನಿನ್ನ ಬತ್ತಿ ಕಡಿಮಿ ಬಿದ್ದು ನನಗ ಕೂಸು ಆಗಲಿಲ್ಲಂತ ತಿಳಕೊಂಡೀಯೇನು? ನೀ ಅಷ್ಟು ದೊಡ್ಡಾಕಿ ಅಲ್ಲ ಬಿಡು.”

ಒಂದು ಕಲ್ಲು ಆರಿಸಿ ಎಸೆದು, “ಇದು ಯಾವ ಕಲ್ಲು ಹೇಳು, ಅವಾಗ ಭಾಳ ಹೇಳತಿದ್ದಿ,” ಎಂದಳು. ಕಲ್ಲುಗಳು ನನ್ನಿಂದ ಹೋಗಿ ಬಹಳ ದಿನವಾಗಿತ್ತು. ಅವುಗಳಿಗೂ ಅವಳೇ ಉಡಿ ತುಂಬಿದ್ದಳು. ನೆನಪಿಲ್ಲ ಎಂದೆ. ಇಬ್ಬರೂ ನಕ್ಕೆವು.

ಮದುವೆಯಾಗಿ ನಾನು ಬಳ್ಳಾರಿಗೆ ಬಂದೆ. ಹೊರಡುವ ದಿನ ನನ್ನ ಉಡಿ ತುಂಬಿದವಳೂ ವೈನಿಯೇ. ಹುಚ್ಚುಗಳು ನನ್ನ ಜೊತೆ ಬಂದವು. ಒಂದು ಬರುವುದು, ಮನೆ ತುಂಬುವುದು, ಒಂದು ಬೆಳಿಗ್ಗೆ ಹೋಗಿರುವುದು. ಇದಕ್ಕೆ ಹೆಸರಿದೆ ಎಂದು ತಿಳಿದದ್ದು ಮೊಮ್ಮಗನನ್ನು ಡಾಕ್ಟರ ಹತ್ತಿರ ಕರೆದೊಯ್ದಾಗ. ಆಟಿಸಂ, ಎಡಿಎಚ್‌ಡಿ ಎಂದು ಎರಡು ಹೆಸರು ಹೇಳಿ, ಇವೆರಡೂ ಒಬ್ಬರಲ್ಲೇ ಇರಬಹುದು ಎಂದರು. ಒಂದು ಗಟ್ಟಿಯಾಗಿ ಹಿಡಿಸುತ್ತದೆ, ಇನ್ನೊಂದು ಬಿಡಿಸುತ್ತದೆ ಎಂದು ನನಗೆ ಅರ್ಥವಾಯಿತು. ಆಮೇಲೆ ಅವರು ನನ್ನ ಕಡೆ ತಿರುಗಿ ಕೆಲವು ಪ್ರಶ್ನೆ ಕೇಳಿದರು. ರಾತ್ರಿ ವೈನಿಗೆ ಫೋನು ಮಾಡಿ ಹೇಳಿದೆ. ಆ ಹೆಸರುಗಳನ್ನು ಅವಳು ಎರಡು ಸಲ ಹೇಳಿಸಿಕೊಂಡಳು.

“ಆಗಲಿ. ಆ ಕೂಸಿಗೂ ಉಡಿ ತುಂಬೋದು ಕಲಿಸು,” ಎಂದಳು.

ಯಾವುದಾದರೂ ಹೋದಾಗ ನಾನು ಅವಳಿಗೇ ಫೋನು ಮಾಡುತ್ತಿದ್ದೆ. ವೈನಿ, ಹೋತು ಎಂದರೆ ಸಾಕು. ಯಾರಿಗೆ ಕಳಸ್ತೀ ಎಂದು ಕೇಳುತ್ತಿದ್ದಳು. ನಾನು ಹೆಸರು ಹೇಳುತ್ತಿದ್ದೆ. ಅಣ್ಣ ತೀರಿಕೊಂಡ ಮೇಲೆ ಒಂದು ಸಲ, ಇನ್ನ ಮ್ಯಾಲೆ ಉಡಿ ತುಂಬೋ ಕೈ ನಂದಲ್ಲ ಪದ್ದಿ ಎಂದಳು. ನಮ್ಮಲ್ಲಿ ಉಡಿ ತುಂಬುವುದು ಮುತ್ತೈದೆಯ ಕೈ. ಆದರೆ ಮತ್ತೆ ಅವಳೇ, “ಫೋನಿನಾಗ ಯಾರು ನೋಡತಾರ, ಸೆರಗು ಹಿಡಿ,” ಎಂದಳು. ನಾನು ಬಳ್ಳಾರಿಯಲ್ಲಿ ಸೆರಗು ಒಡ್ಡಿ ನಿಂತೆ. ಅವಳು ಆದೋನಿಯಲ್ಲಿ ಅಕ್ಕಿ, ಕೊಬ್ಬರಿ, ಅರಿಶಿನ ಎಂದು ಒಂದೊಂದೇ ಹೆಸರು ಹೇಳಿದಳು. ಹೇಳಿದ ಹಾಗೆ ನಾನು ಹಾಕಿಕೊಂಡೆ. ಆಮೇಲೆ ಎಲ್ಲವೂ ಹಾಗೇ ನಡೆಯಿತು.

ಈಚಿನ ಹುಚ್ಚು ಹಾರ್ಮೋನಿಯಂ. ಹಳೆಯದೊಂದನ್ನು ಕೊಂಡು ತಂದು, ಅವಳು ಹಾಸಿಗೆ ಹಿಡಿದ ತಿಂಗಳುಗಳಲ್ಲಿ ಫೋನಿನಲ್ಲಿ ನುಡಿಸಿ ಕೇಳಿಸುತ್ತಿದ್ದೆ. ಬೆಕ್ಕು ಅಳಿಸಬ್ಯಾಡ ಎನ್ನುತ್ತಿದ್ದಳು, ಫೋನು ಇಡಬ್ಯಾಡ ಎಂದೂ ಅನ್ನುತ್ತಿದ್ದಳು. ಅವಳು ಹೋದ ಮೇಲೆ, ಹದಿಮೂರನೆಯ ದಿನದ ಊಟ ಮುಗಿಸಿ ಬಳ್ಳಾರಿಗೆ ಬಂದು ಹಾರ್ಮೋನಿಯಂ ಮುಂದೆ ಕೂತೆ. ಸ್ವರ ಬಂತು. ಸ್ವರದೊಳಗೆ ಏನೂ ಇರಲಿಲ್ಲ. ಅದನ್ನು ಯಾರಿಗೆ ಕಳಿಸಬೇಕೆಂದು ನನಗೆ ಗೊತ್ತಿದೆ. ಹಿಂದಿನ ಬೀದಿಯಲ್ಲಿ ಸಂಗೀತ ಕಲಿಯುವ ಹುಡುಗಿಯೊಬ್ಬಳಿದ್ದಾಳೆ, ಅವಳ ತಾಯಿಯನ್ನೂ ಕೇಳಿಯಾಗಿದೆ. ಅಕ್ಕಿ, ಕೊಬ್ಬರಿ, ಅರಿಶಿನ ಕೊಂಬು, ಎಲ್ಲ ಒಂದು ತಟ್ಟೆಯಲ್ಲಿ ಹಾರ್ಮೋನಿಯಂ ಮೇಲೆ ಇವೆ. ಎಲೆ ಎರಡು ಸಲ ಒಣಗಿ ಬದಲಾಯಿಸಿದ್ದೇನೆ. ಉಡಿಯನ್ನು ತಮ್ಮ ಕೈಯಿಂದ ತಾವೇ ತುಂಬಿಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ. ಒಬ್ಬರು ಹೇಳಬೇಕು, ಇನ್ನೊಬ್ಬರು ಸೆರಗು ಹಿಡಿಯಬೇಕು. ಸೆರಗು ಇದೆ. ಹೇಳುವವರಿಲ್ಲ.